ಕೋಶ ಕಾಯುವವರೂ ದೇಶ ಸುತ್ತಬೇಕು: ಗ್ರಂಥಪಾಲಕರಿಗೆ ಸಮ್ಮೇಳನ ಏಕೆ?

'ದೇಶ ಸುತ್ತಬೇಕು, ಕೋಶ ಓದಬೇಕು' ಎಂಬುದು ಹಿರಿಯರ ಮಾತು. ಕೋಶ ಓದಿಸುವ ಕಾಯಕದಲ್ಲಿರುವ ಗ್ರಂಥಪಾಲಕರ ವಿಷಯದಲ್ಲಿ ಮಾತ್ರ ಈ ಗಾದೆಯ ಮೊದಲ ಅರ್ಧವನ್ನು ಸಮಾಜ ಮರೆತಂತಿದೆ. ವೃತ್ತಿಗೆ ಸಂಬಂಧಿಸಿದ ಸಮ್ಮೇಳನಕ್ಕೆ ಎರಡು ದಿನ ಹೋಗಿಬರಲು ಕಾಲೇಜಿನ ಗ್ರಂಥಪಾಲಕರು ಅನುಮತಿ ಕೋರಿದರೆ, ಅವರಿಗೆ ಸಾಮಾನ್ಯವಾಗಿ ಎದುರಾಗುವ ಪ್ರಶ್ನೆ ಒಂದೇ: 'ನೀವು ಹೋದರೆ ಲೈಬ್ರರಿ ಬಾಗಿಲು ತೆರೆಯುವವರು ಯಾರು?'

ಪ್ರಶ್ನೆ ಅನ್ಯಾಯದ್ದೇನಲ್ಲ. ಗ್ರಂಥಪಾಲಕರು ಊರಿನಲ್ಲಿಲ್ಲದ ದಿನ ಪುಸ್ತಕ ಎರವಲು ಸಿಗದೆ ಹಿಂದಿರುಗುವವನು ವಿದ್ಯಾರ್ಥಿ. ಪ್ರಯಾಣ ಭತ್ಯೆ ಮತ್ತು ನೋಂದಣಿ ಶುಲ್ಕಕ್ಕೆ ಹೋಗುವ ಹಣವೂ ಬಹುತೇಕ ಸಾರ್ವಜನಿಕರದ್ದೇ. ಹಾಗಾಗಿ ಸಮ್ಮೇಳನದಿಂದ ಗ್ರಂಥಪಾಲಕರಿಗೆ ಸಿಗುವುದೇನು, ಅದರಲ್ಲಿ ಓದುಗನ ಪಾಲೆಷ್ಟು ಎಂದು ಕೇಳುವ ಹಕ್ಕು ಎಲ್ಲರಿಗೂ ಇದೆ. ಈ ಪ್ರಶ್ನೆಗೆ ಉತ್ತರ ಪ್ರಮಾಣಪತ್ರದಲ್ಲಿಯೂ ಇಲ್ಲ, ಸಮ್ಮೇಳನದಲ್ಲಿ ಹಂಚುವ ಕೈಚೀಲದಲ್ಲಿಯೂ ಇಲ್ಲ. ಹಿಂದಿರುಗಿದ ಮೇಲೆ ಗ್ರಂಥಾಲಯದ ಕೌಂಟರಿನಲ್ಲಿ ಏನು ಬದಲಾಯಿತು ಎಂಬುದರಲ್ಲಿದೆ.

ಒಂಟಿ ಕುರ್ಚಿಯ ಉದ್ಯೋಗ

ಒಂದು ಪದವಿ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕರಿಗೆ ಇತಿಹಾಸ ಅಥವಾ ಅರ್ಥಶಾಸ್ತ್ರದ ಅಧ್ಯಾಪಕರು ಜೊತೆಗಾರರಾಗಿರುತ್ತಾರೆ. ಪಾಠದ ಕಷ್ಟಸುಖವನ್ನು ಅವರೊಡನೆ ಹಂಚಿಕೊಳ್ಳಬಹುದು. ಆಸ್ಪತ್ರೆಯಲ್ಲಿ ವೈದ್ಯರಿಗೆ ವೈದ್ಯರಿರುತ್ತಾರೆ. ಆದರೆ ಬಹುತೇಕ ಕಾಲೇಜುಗಳಲ್ಲಿ, ಶಾಖಾ ಗ್ರಂಥಾಲಯಗಳಲ್ಲಿ, ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಲ್ಲಿ ಈ ವೃತ್ತಿಯ ಶಿಕ್ಷಣ ಅಥವಾ ಅನುಭವ ಇರುವವರು ಒಬ್ಬರೇ. ಪುಸ್ತಕವೊಂದನ್ನು ಯಾವ ವರ್ಗಕ್ಕೆ ಸೇರಿಸಬೇಕು, ಹಳೆಯ ಪ್ರತಿಗಳನ್ನು ಯಾವಾಗ ವಿಲೇವಾರಿ ಮಾಡಬೇಕು, ಕಳೆದುಹೋದ ಪುಸ್ತಕದ ಲೆಕ್ಕವನ್ನು ಹೇಗೆ ಬರೆಯಬೇಕು ಎಂಬ ಅನುಮಾನ ಬಂದರೆ ಪಕ್ಕದ ಕುರ್ಚಿಯಲ್ಲಿ ಕೇಳಲು ಯಾರೂ ಇರುವುದಿಲ್ಲ.

ಈ ಒಂಟಿತನ ಹೊಸದೇನಲ್ಲ. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹರೆಂದು ಹೆಸರಾದ ಎಸ್‌.ಆರ್‌. ರಂಗನಾಥನ್ ಅವರನ್ನೂ ಅದು ಕಾಡಿತ್ತು. ಗಣಿತದ ಅಧ್ಯಾಪಕರಾಗಿದ್ದ ಅವರು 1924ರ ಜನವರಿಯಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿ ಅಧಿಕಾರ ವಹಿಸಿಕೊಂಡರು. ಜನರಿಲ್ಲದ ಕೊಠಡಿ, ಮಾತಿಲ್ಲದ ದಿನಗಳು ಕೆಲವೇ ದಿನಗಳಲ್ಲಿ ಅವರಿಗೆ ಬೇಸರ ತಂದವು. ಮತ್ತೆ ಪಾಠ ಹೇಳುವ ಕೆಲಸಕ್ಕೇ ಕಳುಹಿಸಿಕೊಡಿ ಎಂದು ಅವರು ಕೇಳಿಕೊಂಡರು. ಮೊದಲು ಲಂಡನ್ನಿಗೆ ಹೋಗಿ ಗ್ರಂಥಾಲಯ ಶಿಕ್ಷಣ ಪಡೆದು ಬನ್ನಿ, ಆಮೇಲೂ ಮನಸ್ಸು ಒಗ್ಗದಿದ್ದರೆ ಮರಳಬಹುದು ಎಂಬ ಒಪ್ಪಂದದ ಮೇಲೆ ಅವರನ್ನು ಹಡಗು ಹತ್ತಿಸಲಾಯಿತು.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಕಲಿತದ್ದಕ್ಕಿಂತ ಹೆಚ್ಚಾಗಿ, ಇಂಗ್ಲೆಂಡಿನ ಗ್ರಂಥಾಲಯಗಳನ್ನು ಒಂದೊಂದಾಗಿ ಕಂಡು, ಅಲ್ಲಿನವರೊಡನೆ ಮಾತನಾಡಿದ್ದು ಅವರ ಕಣ್ಣು ತೆರೆಸಿತು. ಒಂದೇ ಕೆಲಸವನ್ನು ಬೇರೆ ಬೇರೆ ಗ್ರಂಥಾಲಯಗಳು ಬೇರೆ ಬೇರೆ ರೀತಿಯಲ್ಲಿ ಮಾಡುತ್ತಿದ್ದುದನ್ನು ಅವರು ಗಮನಿಸಿದರು. ಅದರ ಹಿಂದೆ ಸಾಮಾನ್ಯ ತತ್ತ್ವವೊಂದು ಇರಲೇಬೇಕೆಂದು ಯೋಚಿಸಿದರು. 1925ರಲ್ಲಿ ಮದ್ರಾಸಿಗೆ ಮರಳಿದ ಅವರು ಪಾಠದ ಕೊಠಡಿಗೆ ಹಿಂದಿರುಗಲಿಲ್ಲ. ಸ್ವಂತ ಗ್ರಂಥಾಲಯದ ಗೋಡೆಯ ಆಚೆ ನೋಡಿದ್ದರಿಂದ ಒಬ್ಬ ವ್ಯಕ್ತಿಗೆ ಮಾತ್ರವಲ್ಲ, ಇಡೀ ದೇಶದ ಗ್ರಂಥಾಲಯ ವ್ಯವಸ್ಥೆಗೆ ಆದ ಲಾಭವಿದು.

ಸಮ್ಮೇಳನಗಳೇ ಕಟ್ಟಿದ ವೃತ್ತಿ

ಗ್ರಂಥಪಾಲನೆ ಒಂದು ವೃತ್ತಿಯಾಗಿ ರೂಪುಗೊಂಡ ಕಥೆಯನ್ನು ಗಮನಿಸಿದರೆ ಅದರ ಮುಖ್ಯ ತಿರುವುಗಳೆಲ್ಲ ಯಾವುದಾದರೊಂದು ಸಮ್ಮೇಳನದಲ್ಲಿಯೇ ಸಂಭವಿಸಿರುವುದು ಕಾಣುತ್ತದೆ. 1876ರ ಅಕ್ಟೋಬರಿನಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ 103 ಮಂದಿ ಸೇರಿದ ಸಭೆಯ ಕೊನೆಯಲ್ಲಿ ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ ಹುಟ್ಟಿತು. ಆ ಸಭೆಯಲ್ಲಿದ್ದ ಮಹಿಳೆಯರ ಸಂಖ್ಯೆ 13. ಇಂದಿಗೂ ನಮ್ಮ ಅನೇಕ ಗ್ರಂಥಾಲಯಗಳಲ್ಲಿ ಬಳಕೆಯಲ್ಲಿರುವ ದಶಮಾಂಶ ವರ್ಗೀಕರಣದ ಕರ್ತೃ ಮೆಲ್ವಿಲ್ ಡ್ಯೂಯಿ ಆ ಸಭೆಯನ್ನು ಸಂಘಟಿಸಿದವರಲ್ಲಿ ಒಬ್ಬರು. ಮರುವರ್ಷ ಲಂಡನ್ನಿನಲ್ಲಿ ನಡೆದ ಸಮ್ಮೇಳನ ಬ್ರಿಟನ್ನಿನ ಗ್ರಂಥಾಲಯ ಸಂಘಕ್ಕೆ ಜನ್ಮ ನೀಡಿತು. ಗ್ರಂಥಾಲಯ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಇಫ್ಲಾ 1927ರಲ್ಲಿ ಎಡಿನ್‌ಬರೋದಲ್ಲಿ ಸ್ಥಾಪನೆಯಾಯಿತು.

ಈ ಕಥೆಯಲ್ಲಿ ಕನ್ನಡ ನಾಡಿಗೂ ಒಂದು ಸ್ಥಾನವಿದೆ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನ ಎಂದೊಡನೆ ಮಹಾತ್ಮ ಗಾಂಧಿ ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನ ಎಂಬುದು ನೆನಪಾಗುತ್ತದೆ. ಅದೇ ಸಂದರ್ಭದಲ್ಲಿ ಬೆಳಗಾವಿಯಲ್ಲಿ ದೇಶಬಂಧು ಚಿತ್ತರಂಜನ ದಾಸ್ ಅವರ ಅಧ್ಯಕ್ಷತೆಯಲ್ಲಿ ಅಖಿಲ ಭಾರತ ಸಾರ್ವಜನಿಕ ಗ್ರಂಥಾಲಯ ಸಮ್ಮೇಳನವೂ ನಡೆದಿತ್ತು ಎಂಬುದು ಹೆಚ್ಚು ಜನರಿಗೆ ತಿಳಿದಿಲ್ಲ. ಪ್ರಾಂತ್ಯಗಳಲ್ಲಿ ಗ್ರಂಥಾಲಯ ಸಂಘಗಳನ್ನು ಕಟ್ಟಬೇಕೆಂಬ ಚಿಂತನೆಗೆ ಅಲ್ಲಿ ಬಲ ಬಂದಿತು. 1925ರಲ್ಲಿ ಬಂಗಾಳದಲ್ಲಿ ಅಂತಹ ಸಂಘ ಹುಟ್ಟಿತು. 1927ರ ಕೊನೆಯಲ್ಲಿ ಮದ್ರಾಸಿನಲ್ಲಿ ಇಂತಹುದೇ ಸಮ್ಮೇಳನ ಸೇರಿತು. 1928ರ ಆರಂಭದಲ್ಲಿ ಮದ್ರಾಸ್ ಗ್ರಂಥಾಲಯ ಸಂಘ ಅಸ್ತಿತ್ವಕ್ಕೆ ಬಂದಿತು.

ಅದೇ 1928ರ ಡಿಸೆಂಬರಿನಲ್ಲಿ ಚಿದಂಬರದಲ್ಲಿ ನಡೆದ ಪ್ರಾಂತೀಯ ಶಿಕ್ಷಣ ಸಮ್ಮೇಳನದಲ್ಲಿ ರಂಗನಾಥನ್ ತಮ್ಮ ಪ್ರಸಿದ್ಧ ಪಂಚಸೂತ್ರಗಳನ್ನು ಮೊದಲ ಬಾರಿಗೆ ಮಂಡಿಸಿದರು. ಪುಸ್ತಕಗಳು ಬೀಗ ಹಾಕಿಡಲು ಅಲ್ಲ, ಬಳಸಲು ಎಂಬ ಚಿಂತನೆಯಿಂದ ಆರಂಭವಾಗಿ, ಗ್ರಂಥಾಲಯವನ್ನು ಬೆಳೆಯುವ ಜೀವಿಯಂತೆ ಕಾಣುವವರೆಗೆ ಸಾಗುವ ಆ ಸೂತ್ರಗಳು ಪುಸ್ತಕ ರೂಪದಲ್ಲಿ ಬಂದದ್ದು 1931ರಲ್ಲಿ. ಇಂದು ಜಗತ್ತಿನ ಯಾವುದೇ ಮೂಲೆಯಲ್ಲಿ ಗ್ರಂಥಾಲಯ ವಿಜ್ಞಾನ ಓದುವ ವಿದ್ಯಾರ್ಥಿ ಕಲಿಯುವ ಈ ಸೂತ್ರಗಳು ಮೊದಲು ಬೆಳಕು ಕಂಡದ್ದು ಶಿಕ್ಷಕರ ಸಮ್ಮೇಳನದಲ್ಲಿ. ಭಾರತೀಯ ಗ್ರಂಥಾಲಯ ಸಂಘವೂ 1933ರ ಸೆಪ್ಟೆಂಬರಿನಲ್ಲಿ ಕಲ್ಕತ್ತೆಯಲ್ಲಿ ಸೇರಿದ ಅಖಿಲ ಭಾರತ ಸಮ್ಮೇಳನದ ಫಲವೇ.

ಈ ಸಂಘಟಿತ ಪ್ರಯತ್ನಗಳ ಪ್ರಯೋಜನ ಕೊನೆಗೆ ಮುಟ್ಟಿದ್ದು ಓದುಗನನ್ನು. ಸ್ವತಂತ್ರ ಭಾರತದ ಮೊದಲ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1948ರಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿ ರೂಪುಗೊಂಡಿತು. ಅಂದಿನ ಮೈಸೂರು ರಾಜ್ಯ 1965ರಲ್ಲಿ ತನ್ನದೇ ಕಾಯ್ದೆ ರೂಪಿಸಿತು. ಇಂದು ಕರ್ನಾಟಕದ ನಗರವಾಸಿಗಳು ಆಸ್ತಿ ತೆರಿಗೆಯ ಜೊತೆಗೆ ಕಟ್ಟುವ ಗ್ರಂಥಾಲಯ ಕರದ ಮೂಲ ಅಲ್ಲಿದೆ. 1962ರಲ್ಲಿ ಬೆಂಗಳೂರಿನಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿದ ರಂಗನಾಥನ್, 1972ರಲ್ಲಿ ನಿಧನರಾಗುವವರೆಗೆ ಇದೇ ನಗರದಲ್ಲಿ ನೆಲೆಸಿದ್ದರು.

ಒಬ್ಬರೇ ತೀರ್ಮಾನಿಸಲಾಗದ ಸಂಗತಿಗಳು

ಇತಿಹಾಸದ ಮಾತು ಹಾಗಿರಲಿ, ದಿನನಿತ್ಯದ ಕೆಲಸಕ್ಕೆ ಸಮ್ಮೇಳನದಿಂದ ಏನು ಪ್ರಯೋಜನ? ಇದನ್ನು ತಿಳಿಯಲು ಗ್ರಂಥಾಲಯದ ಸೂಚಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು.

ವರಕವಿ ಬೇಂದ್ರೆಯವರ ಕೃತಿಗಳನ್ನು ಒಂದು ಗ್ರಂಥಾಲಯ 'ಬೇಂದ್ರೆ, ದ.ರಾ.' ಎಂದು ದಾಖಲಿಸುತ್ತದೆ. ಮತ್ತೊಂದು 'ಅಂಬಿಕಾತನಯದತ್ತ' ಎಂದು ನಮೂದಿಸುತ್ತದೆ. ಮಾಸ್ತಿಯವರ ಕಥೆಗಳು ಕೆಲವೆಡೆ 'ಶ್ರೀನಿವಾಸ' ಎಂಬ ಹೆಸರಿನಡಿ, ಕೆಲವೆಡೆ 'ವೆಂಕಟೇಶ ಅಯ್ಯಂಗಾರ್' ಎಂಬುದರ ಅಡಿ ಸೇರುತ್ತವೆ. ಕುವೆಂಪು ಎಂದು ಹುಡುಕುವವನಿಗೆ ಪುಟ್ಟಪ್ಪ ಎಂಬ ಹೆಸರಿನಡಿ ಇರುವ ಪುಸ್ತಕ ಕಾಣಿಸುವುದಿಲ್ಲ. ಪುಸ್ತಕ ಕಪಾಟಿನಲ್ಲಿಯೇ ಇದ್ದರೂ ಓದುಗನ ಪಾಲಿಗೆ ಅದು ಇಲ್ಲ.

ಒಬ್ಬ ಗ್ರಂಥಪಾಲಕರು ತಮ್ಮ ಮಟ್ಟಿಗೆ ಒಂದು ನಿಯಮ ಮಾಡಿಕೊಂಡರೆ ಆ ಗ್ರಂಥಾಲಯದ ತೊಂದರೆ ನೀಗಬಹುದು. ಆದರೆ ಹತ್ತು ಗ್ರಂಥಾಲಯಗಳ ಸೂಚಿಯನ್ನು ಒಂದೇ ಕಡೆ ಹುಡುಕುವಂತೆ ಮಾಡಬೇಕಾದರೆ ಹತ್ತು ಮಂದಿಯೂ ಒಂದೇ ನಿಯಮಕ್ಕೆ ಒಪ್ಪಬೇಕು. ಒಪ್ಪಬೇಕಾದರೆ ಒಂದೆಡೆ ಕೂಡಬೇಕು. 1961ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ಅಂತರರಾಷ್ಟ್ರೀಯ ಸಮ್ಮೇಳನ ಮಾಡಿದ್ದು ಇದನ್ನೇ. ಲೇಖಕರ ಹೆಸರನ್ನು ಸೂಚಿಯಲ್ಲಿ ಯಾವ ರೂಪದಲ್ಲಿ ನಮೂದಿಸಬೇಕು ಎಂಬುದಕ್ಕೆ ಅಲ್ಲಿ ಮೂಲತತ್ತ್ವಗಳನ್ನು ರೂಪಿಸಲಾಯಿತು. ಮುಂದಿನ ದಶಕಗಳಲ್ಲಿ ಬಂದ ಸೂಚೀಕರಣ ನಿಯಮಗಳಿಗೆ ಅವೇ ತಳಹದಿಯಾದವು. ಹಿಂದೆ ಎಲ್ಲ ಗ್ರಂಥಾಲಯಗಳಲ್ಲಿಯೂ ಕಾಣುತ್ತಿದ್ದ ಐದು ಅಂಗುಲ ಉದ್ದ, ಮೂರು ಅಂಗುಲ ಅಗಲದ ಸೂಚಿ ಕಾರ್ಡಿನ ಅಳತೆಯೂ ಹೀಗೆ ಗ್ರಂಥಪಾಲಕರು ಒಮ್ಮತಕ್ಕೆ ಬಂದು ನೆಲೆಗೊಳಿಸಿದ್ದೇ. ಅಳತೆ ಒಂದಾಗಿದ್ದರಿಂದಲೇ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1901ರಿಂದ ತಾನು ಮುದ್ರಿಸಿದ ಕಾರ್ಡುಗಳನ್ನು ಇತರ ಗ್ರಂಥಾಲಯಗಳಿಗೆ ವಿತರಿಸುವುದು ಸಾಧ್ಯವಾಯಿತು.

ಕನ್ನಡದ ಮಟ್ಟಿಗೆ ಇಂತಹ ಒಮ್ಮತದ ಅಗತ್ಯ ಇನ್ನೂ ಮುಗಿದಿಲ್ಲ. ಲೇಖಕರ ಕಾವ್ಯನಾಮಗಳ ಪ್ರಶ್ನೆಯ ಜೊತೆಗೆ ಅಕ್ಷರದ ಪ್ರಶ್ನೆಯೂ ಇದೆ. ಯೂನಿಕೋಡ್ ವ್ಯಾಪಕವಾಗುವ ಮುನ್ನ ಬೇರೆ ಬೇರೆ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಪುಸ್ತಕಪಟ್ಟಿಗಳು ಹೊಸ ತಂತ್ರಾಂಶದಲ್ಲಿ ಅರ್ಥವಾಗದ ಚಿಹ್ನೆಗಳಾಗಿ ಕಾಣುತ್ತವೆ. ಅವನ್ನು ಪರಿವರ್ತಿಸುವ ವಿಧಾನ, ಪರಿವರ್ತಿಸಿದಾಗ ಒತ್ತಕ್ಷರಗಳಲ್ಲಿ ನುಸುಳುವ ತಪ್ಪುಗಳು, ಅವನ್ನು ತಿದ್ದುವ ಕ್ರಮ ಇವೆಲ್ಲವನ್ನೂ ಈಗಾಗಲೇ ಅನುಭವಿಸಿದವರಿಂದ ಒಂದು ಗೋಷ್ಠಿಯಲ್ಲಿ ತಿಳಿದುಕೊಂಡರೆ ತಿಂಗಳುಗಟ್ಟಲೆ ಶ್ರಮ ಉಳಿಯುತ್ತದೆ.

ಲಕ್ಷ ರೂಪಾಯಿಯ ತಪ್ಪು ತಪ್ಪಿಸುವ ಮಾತು

ಗ್ರಂಥಾಲಯ ಗಣಕೀಕರಣದ ನಿರ್ಧಾರ ಒಮ್ಮೆ ಕೈಗೊಂಡರೆ ಹಲವು ವರ್ಷ ಬಾಧಿಸುತ್ತದೆ. ಇಂದು ಕಾಲೇಜುಗಳ ಮುಂದೆ ಹಲವು ಆಯ್ಕೆಗಳಿವೆ. ಇನ್‌ಫ್ಲಿಬ್‌ನೆಟ್ ಕೇಂದ್ರ ರೂಪಿಸಿದ 'ಸೋಲ್', ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ 'ಇ-ಗ್ರಂಥಾಲಯ', ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ 'ಕೋಹಾ' ಹಾಗೂ ಖಾಸಗಿ ಕಂಪನಿಗಳ ಅನೇಕ ತಂತ್ರಾಂಶಗಳು ಚಾಲ್ತಿಯಲ್ಲಿವೆ.

ಕೋಹಾದ ಹುಟ್ಟು ಸಣ್ಣ ಗ್ರಂಥಾಲಯಗಳಿಗೆ ಪಾಠದಂತಿದೆ. ನ್ಯೂಜಿಲೆಂಡಿನ ಹೊರೊವೆನುವಾ ಎಂಬ ಸಣ್ಣ ಪ್ರದೇಶದ ಸಾರ್ವಜನಿಕ ಗ್ರಂಥಾಲಯ ಸಂಸ್ಥೆಯ ಹಳೆಯ ತಂತ್ರಾಂಶ 2000ನೇ ಇಸವಿಯ ದಿನಾಂಕ ಬದಲಾವಣೆಯನ್ನು ತಾಳಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ದುಬಾರಿ ಬೆಲೆಯ ಹೊಸ ತಂತ್ರಾಂಶ ಕೊಳ್ಳುವ ಬದಲು ಅದು ಸ್ಥಳೀಯ ಕಂಪನಿಯೊಂದರಿಂದ ಹೊಸದನ್ನು ಬರೆಯಿಸಿತು. 2000ದ ಜನವರಿಯಲ್ಲಿ ಬಳಕೆಗೆ ಬಂದ ಅದನ್ನು ಜಗತ್ತಿಗೇ ಮುಕ್ತವಾಗಿ ನೀಡಿತು. 'ಕೋಹಾ' ಎಂದರೆ ಅಲ್ಲಿನ ಮಾವೊರಿ ಭಾಷೆಯಲ್ಲಿ ಉಡುಗೊರೆ. ಈ ತಂತ್ರಾಂಶದ ಬಳಕೆದಾರರು ಮತ್ತು ಅಭಿವೃದ್ಧಿಕಾರರು ಸೇರುವ ಅಂತರರಾಷ್ಟ್ರೀಯ ಸಮ್ಮೇಳನ 2011ರಲ್ಲಿ ಮುಂಬೈ ಸಮೀಪದ ಠಾಣೆಯಲ್ಲಿ ನಡೆದಿತ್ತು. ಮಾರಾಟ ಪ್ರತಿನಿಧಿಗಳಿಲ್ಲದ ಇಂತಹ ತಂತ್ರಾಂಶದ ಸಾಧಕ ಬಾಧಕಗಳನ್ನು ತಿಳಿಯಲು ಬಳಸಿದವರನ್ನು ಕಾಣುವುದಕ್ಕಿಂತ ಉತ್ತಮ ದಾರಿ ಇಲ್ಲ.

ಖಾಸಗಿ ತಂತ್ರಾಂಶಗಳ ವಿಷಯದಲ್ಲಿಯೂ ಇದೇ ಮಾತು ಅನ್ವಯಿಸುತ್ತದೆ. ಸಮ್ಮೇಳನದ ಆವರಣದಲ್ಲಿ ಕಂಪನಿಗಳ ಮಳಿಗೆಗಳು ಸಾಲಾಗಿ ಇರುತ್ತವೆ. ಎಲ್ಲ ಮಳಿಗೆಗಳಲ್ಲಿಯೂ ತಂತ್ರಾಂಶ ಸೊಗಸಾಗಿಯೇ ಕಾಣುತ್ತದೆ. ಆದರೆ ಅದನ್ನು ಮೂರು ವರ್ಷ ಬಳಸಿದ ಮತ್ತೊಂದು ಕಾಲೇಜಿನ ಗ್ರಂಥಪಾಲಕರು ಅದೇ ಸಭಾಂಗಣದಲ್ಲಿ ಸಿಗುತ್ತಾರೆ. ವಾರ್ಷಿಕ ನಿರ್ವಹಣಾ ಶುಲ್ಕ ಎಷ್ಟು ಏರಿತು, ದೂರು ಕೊಟ್ಟರೆ ಎಷ್ಟು ದಿನಕ್ಕೆ ಬರುತ್ತಾರೆ, ಕಂಪನಿ ಬಾಗಿಲು ಮುಚ್ಚಿದರೆ ನಮ್ಮ ಪುಸ್ತಕಗಳ ದತ್ತಾಂಶವನ್ನು ಹೊರತೆಗೆಯಲು ಸಾಧ್ಯವೇ ಎಂಬ ಪ್ರಶ್ನೆಗಳಿಗೆ ಕರಪತ್ರದಲ್ಲಿ ಇಲ್ಲದ ಉತ್ತರ ಅವರ ಬಳಿ ಇರುತ್ತದೆ. ಇಂತಹ ಒಂದು ಮಾತು ಸಂಸ್ಥೆಗೆ ಲಕ್ಷಗಟ್ಟಲೆ ರೂಪಾಯಿ ಉಳಿಸಬಲ್ಲದು. ಪ್ರಯಾಣ ಭತ್ಯೆಯನ್ನು ಲೆಕ್ಕ ಹಾಕುವವರು ಈ ಉಳಿತಾಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ನ್ಯಾಯ.

ಇದ್ದೂ ಇಲ್ಲದಂತಾಗುವ ಸೌಲಭ್ಯ

ಸರ್ಕಾರ ಹಣ ಕೊಟ್ಟು ಒದಗಿಸಿದ ಸೌಲಭ್ಯವೂ ಗ್ರಂಥಪಾಲಕರಿಗೆ ತಿಳಿಯದಿದ್ದರೆ ಓದುಗನಿಗೆ ದಕ್ಕುವುದಿಲ್ಲ. 2024ರ ನವೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟ 'ಒಂದು ರಾಷ್ಟ್ರ, ಒಂದು ಚಂದಾ' ಯೋಜನೆಗೆ ಒಪ್ಪಿಗೆ ನೀಡಿತು. 2025ರಿಂದ 2027ರವರೆಗಿನ ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ ನಿಗದಿಯಾಗಿದೆ. 30 ಪ್ರಕಾಶನ ಸಂಸ್ಥೆಗಳ ಸುಮಾರು 13,000 ವಿದ್ವತ್ ಪತ್ರಿಕೆಗಳನ್ನು 6,300ಕ್ಕೂ ಹೆಚ್ಚು ಸರ್ಕಾರಿ ಉನ್ನತ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳು ಓದುವಂತಾಗಬೇಕೆಂಬುದು ಇದರ ಉದ್ದೇಶ. ಇದರ ಸಮನ್ವಯದ ಹೊಣೆ ಇನ್‌ಫ್ಲಿಬ್‌ನೆಟ್ ಕೇಂದ್ರದ್ದು.

ಯೋಜನೆ ದೊಡ್ಡದು. ಆದರೆ ಜಿಲ್ಲಾ ಕೇಂದ್ರದ ಸರ್ಕಾರಿ ಕಾಲೇಜಿನ ಸ್ನಾತಕೋತ್ತರ ವಿದ್ಯಾರ್ಥಿಯ ಕಂಪ್ಯೂಟರಿನಲ್ಲಿ ಆ ಪತ್ರಿಕೆಯ ಪುಟ ತೆರೆದುಕೊಳ್ಳಬೇಕಾದರೆ ಕಾಲೇಜಿನ ನೋಂದಣಿ ಆಗಿರಬೇಕು, ಪ್ರವೇಶದ ವಿಧಾನವನ್ನು ವಿದ್ಯಾರ್ಥಿಗೆ ಯಾರಾದರೂ ತೋರಿಸಿಕೊಡಬೇಕು. ಆ 'ಯಾರಾದರೂ' ಗ್ರಂಥಪಾಲಕರೇ. ಸುತ್ತೋಲೆ ಓದಿ ತಿಳಿಯುವುದು ಒಂದು ಬಗೆ. ಯಶಸ್ವಿಯಾಗಿ ಅಳವಡಿಸಿದ ಕಾಲೇಜಿನವರು ಪರದೆಯ ಮೇಲೆ ಹಂತ ಹಂತವಾಗಿ ತೋರಿಸುವುದನ್ನು ನೋಡಿ ಕಲಿಯುವುದು ಮತ್ತೊಂದು ಬಗೆ. ಸಮ್ಮೇಳನದ ಕಾರ್ಯಾಗಾರಗಳು ಮಾಡುವುದು ಎರಡನೆಯದನ್ನು.

ದೃಷ್ಟಿದೋಷವುಳ್ಳ ಓದುಗರ ವಿಷಯದಲ್ಲಿ ಈ ಅರಿವಿನ ಕೊರತೆ ಇನ್ನೂ ನೋವಿನದು. 2012ರ ತಿದ್ದುಪಡಿಯ ನಂತರ ನಮ್ಮ ಹಕ್ಕುಸ್ವಾಮ್ಯ ಕಾಯ್ದೆ, ಅಂಗವಿಕಲರ ಓದಿಗಾಗಿ ಕೃತಿಗಳನ್ನು ಅವರು ಬಳಸಬಲ್ಲ ರೂಪಕ್ಕೆ ಪರಿವರ್ತಿಸಲು ಅವಕಾಶ ನೀಡಿದೆ. 2013ರ ಮರ್ರಕೇಶ್ ಒಪ್ಪಂದವನ್ನು ಜಗತ್ತಿನಲ್ಲಿ ಮೊದಲು ಅನುಮೋದಿಸಿದ ದೇಶವೇ ಭಾರತ. ಅದು ನಡೆದದ್ದು 2014ರಲ್ಲಿ. 2016ರಲ್ಲಿ 'ಸುಗಮ್ಯ ಪುಸ್ತಕಾಲಯ' ಎಂಬ ಆನ್‌ಲೈನ್ ಗ್ರಂಥಾಲಯವೂ ಆರಂಭವಾಯಿತು. ಇಷ್ಟೆಲ್ಲ ಇದ್ದರೂ, ಕಣ್ಣು ಕಾಣದ ವಿದ್ಯಾರ್ಥಿ ಪಠ್ಯಪುಸ್ತಕ ಕೇಳಿಕೊಂಡು ಬಂದಾಗ 'ನಮ್ಮಲ್ಲಿ ಬ್ರೈಲ್ ಪುಸ್ತಕ ಇಲ್ಲ' ಎಂಬ ಉತ್ತರವಷ್ಟೇ ಸಿಕ್ಕರೆ, ಕಾಯ್ದೆಯೂ ಒಪ್ಪಂದವೂ ಅವನ ಪಾಲಿಗೆ ಕಾಗದದಲ್ಲಿಯೇ ಉಳಿಯುತ್ತವೆ. ಒಂದು ಗೋಷ್ಠಿಯಲ್ಲಿ ಈ ವಿಷಯ ಕೇಳಿಸಿಕೊಂಡ ಗ್ರಂಥಪಾಲಕರು ಅವನಿಗೆ ಬೇರೆ ಉತ್ತರ ಕೊಡಬಲ್ಲರು.

ಚಹಾ ವಿರಾಮದ ಪಾಠ

ಸಮ್ಮೇಳನಗಳಿಗೆ ಹೋಗಿಬಂದವರು ಸಾಮಾನ್ಯವಾಗಿ ಹೇಳುವ ಮಾತೊಂದಿದೆ. ವೇದಿಕೆಯ ಮೇಲಿನ ಭಾಷಣಕ್ಕಿಂತ ಚಹಾ ವಿರಾಮದ ಮಾತುಕತೆಯಲ್ಲಿ ಕಲಿತದ್ದೇ ಹೆಚ್ಚು ಎಂಬುದು. ಇದು ಬರೀ ತಮಾಷೆಯಲ್ಲ. ಮಂಡಿಸಿದ ಪ್ರಬಂಧದಲ್ಲಿ ಯಶಸ್ಸಿನ ಕಥೆ ಇರುತ್ತದೆ. ಏನು ಮಾಡಲು ಹೋಗಿ ಏನು ಕೆಟ್ಟಿತು ಎಂಬುದನ್ನು ಜನ ಹೇಳಿಕೊಳ್ಳುವುದು ಲೋಟ ಕೈಯಲ್ಲಿ ಹಿಡಿದಾಗಲೇ.

ಅಲ್ಲಿ ಪರಿಚಯವಾದ ವ್ಯಕ್ತಿ ಮುಂದೆ ದೂರವಾಣಿಯ ಆಚೆಗಿನ ಸಹೋದ್ಯೋಗಿಯಾಗುತ್ತಾರೆ. ಸಂಶೋಧನಾ ವಿದ್ಯಾರ್ಥಿಯೊಬ್ಬರಿಗೆ ಹಳೆಯ ಕನ್ನಡ ನಿಯತಕಾಲಿಕದ ಸಂಚಿಕೆಯೊಂದು ಬೇಕಾದಾಗ, ಅದು ಯಾವ ಊರಿನ ಯಾವ ಗ್ರಂಥಾಲಯದಲ್ಲಿ ಇರಬಹುದು ಎಂಬುದನ್ನು ಯಾವ ಸೂಚಿಯೂ ಹೇಳದಿರಬಹುದು. ಧಾರವಾಡದಲ್ಲಿಯೋ ಮೈಸೂರಿನಲ್ಲಿಯೋ ಇರುವ ಪರಿಚಿತ ಗ್ರಂಥಪಾಲಕರಿಗೆ ಮಾಡಿದ ಒಂದು ಕರೆ ಅದನ್ನು ಪತ್ತೆ ಮಾಡಿಕೊಡುತ್ತದೆ. ಗ್ರಂಥಾಲಯಗಳ ನಡುವಣ ಎರವಲು ವ್ಯವಸ್ಥೆಗೆ ನಿಯಮಾವಳಿಗಳು ಇದ್ದರೂ ಅದು ನಡೆಯುವುದು ಬಹುಮಟ್ಟಿಗೆ ಪರಸ್ಪರ ವಿಶ್ವಾಸದ ಮೇಲೆ.

2020ರಲ್ಲಿ ಕೋವಿಡ್ ಕಾರಣದಿಂದ ಸಮ್ಮೇಳನಗಳು ಆನ್‌ಲೈನಿಗೆ ಬಂದಾಗ ಖರ್ಚಿಲ್ಲದೆ ಎಲ್ಲರೂ ಭಾಗವಹಿಸುವಂತಾಯಿತು. ದೂರದ ತಾಲ್ಲೂಕಿನವರಿಗೆ, ಮನೆಯ ಜವಾಬ್ದಾರಿಯಿಂದಾಗಿ ಊರು ಬಿಡಲಾಗದ ಮಹಿಳೆಯರಿಗೆ ಅದು ನಿಜವಾದ ಅನುಕೂಲ. ಆದರೆ ಪರದೆಯ ಮೇಲೆ ಭಾಷಣ ಕೇಳಬಹುದೇ ಹೊರತು ಪಕ್ಕದವರ ಪರಿಚಯವಾಗುವುದಿಲ್ಲ. ಆದ್ದರಿಂದ ಎರಡೂ ಬೇಕು. ಮಾಹಿತಿಗೆ ಆನ್‌ಲೈನ್, ಒಡನಾಟಕ್ಕೆ ಮುಖಾಮುಖಿ ಎಂದು ಹಂಚಿಕೊಂಡರೆ ಹಣವೂ ಹಿಡಿತದಲ್ಲಿರುತ್ತದೆ.

ಪ್ರಮಾಣಪತ್ರದ ಬೆನ್ನು ಹತ್ತಿ

ಹಾಗೆಂದು ಎಲ್ಲ ಸಮ್ಮೇಳನಗಳೂ ಹೋಗಲು ಯೋಗ್ಯ ಎಂದಲ್ಲ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2010ರ ನಿಯಮಾವಳಿ ಅಧ್ಯಾಪಕರ ಜೊತೆಗೆ ಕಾಲೇಜು ಗ್ರಂಥಪಾಲಕರ ಬಡ್ತಿಗೂ ಶೈಕ್ಷಣಿಕ ಸಾಧನೆಯ ಅಂಕಗಳನ್ನು ನಿಗದಿಪಡಿಸಿತು. ಸಮ್ಮೇಳನದಲ್ಲಿ ಪ್ರಬಂಧ ಮಂಡಿಸಿದರೆ ಅಂಕ ಎಂದಾದಾಗ ಕಲಿಕೆಗಿಂತ ಪ್ರಮಾಣಪತ್ರಕ್ಕೆ ಬೆಲೆ ಬಂದಿತೆಂಬ ಟೀಕೆ ಶೈಕ್ಷಣಿಕ ವಲಯದಲ್ಲಿ ವ್ಯಾಪಕವಾಗಿ ಕೇಳಿಬಂತು. 2018ರಲ್ಲಿ ಆಯೋಗ ಆ ನಿಯಮಗಳನ್ನು ಪರಿಷ್ಕರಿಸಿತಾದರೂ ಅಭ್ಯಾಸ ಪೂರ್ತಿಯಾಗಿ ಹೋಗಿಲ್ಲ.

ಶುಲ್ಕ ಕಟ್ಟಿದ ಯಾರದೇ ಪ್ರಬಂಧವನ್ನು ಪರಿಶೀಲನೆ ಇಲ್ಲದೆ ಸ್ವೀಕರಿಸುವುದು, ಒಂದೇ ದಿನ ನೂರಾರು ಪ್ರಬಂಧಗಳನ್ನು 'ಮಂಡಿಸಿದಂತೆ' ತೋರಿಸುವುದು, ಸಂಘಟಕರ ವಿಳಾಸ ಸ್ಪಷ್ಟವಾಗಿಲ್ಲದಿರುವುದು, ಗ್ರಂಥಾಲಯ ವಿಜ್ಞಾನದಿಂದ ಕೃಷಿಯವರೆಗೆ ಎಲ್ಲ ವಿಷಯಗಳನ್ನೂ ಒಂದೇ ವೇದಿಕೆಯಲ್ಲಿ ಸೇರಿಸುವುದು ಹುಸಿ ಸಮ್ಮೇಳನದ ಲಕ್ಷಣಗಳು. ವಿದ್ಯಾರ್ಥಿಗಳಿಗೆ ಮೋಸದ ಪತ್ರಿಕೆಗಳ ಬಗ್ಗೆ ಎಚ್ಚರಿಸಬೇಕಾದ ಗ್ರಂಥಪಾಲಕರು ತಾವೇ ಇಂತಹ ಬಲೆಗೆ ಬೀಳಬಾರದು. 'ನೀವು ಹೋದರೆ ಬಾಗಿಲು ತೆರೆಯುವವರು ಯಾರು' ಎಂಬ ಪ್ರಶ್ನೆಗೆ ಬಲ ಬರುವುದು ಇಂತಹ ಹುಸಿ ಸಮ್ಮೇಳನಗಳಿಂದಲೇ.

ಹೋಗುವ ಮುನ್ನ, ಬಂದ ಬಳಿಕ

ಸಮ್ಮೇಳನದ ಪ್ರಯೋಜನ ಅರ್ಧದಷ್ಟು ನಿರ್ಧಾರವಾಗುವುದು ಹೊರಡುವ ಮುನ್ನವೇ. ಅನುಮತಿ ಕೋರುವ ಪತ್ರದಲ್ಲಿ 'ಜ್ಞಾನಾಭಿವೃದ್ಧಿಗಾಗಿ' ಎಂದು ಬರೆದರೆ ಆಡಳಿತ ಮಂಡಳಿಗೆ ಏನೂ ತಿಳಿಯುವುದಿಲ್ಲ. 'ನಮ್ಮ ಗ್ರಂಥಾಲಯದ ಹಳೆಯ ಕನ್ನಡ ದಾಖಲೆಗಳನ್ನು ಯೂನಿಕೋಡಿಗೆ ಪರಿವರ್ತಿಸಬೇಕಿದೆ, ಈ ಸಮ್ಮೇಳನದ ಎರಡನೇ ದಿನದ ಕಾರ್ಯಾಗಾರ ಅದೇ ವಿಷಯದ್ದು' ಎಂದು ಬರೆದರೆ ಓಓಡಿ ಸೌಲಭ್ಯ ಮಂಜೂರು ಮಾಡುವವರಿಗೂ ಕಾರಣ ಸಿಗುತ್ತದೆ. ಗೈರುಹಾಜರಿಯ ದಿನಗಳಲ್ಲಿ ಎರವಲು ಕೌಂಟರ್ ನಡೆಸುವವರು ಯಾರು ಎಂಬುದನ್ನೂ ಅದೇ ಪತ್ರದಲ್ಲಿ ಸೂಚಿಸುವುದು ಒಳ್ಳೆಯದು.

ಕಾರ್ಯಕ್ರಮ ಪಟ್ಟಿ ಮೊದಲೇ ಸಿಗುವುದರಿಂದ ಯಾವ ಗೋಷ್ಠಿಗೆ ಹೋಗಬೇಕು, ಯಾರನ್ನು ಕಾಣಬೇಕು, ಯಾವ ಮೂರು ಪ್ರಶ್ನೆಗಳಿಗೆ ಉತ್ತರ ಬೇಕು ಎಂಬುದನ್ನು ಬರೆದಿಟ್ಟುಕೊಳ್ಳಬಹುದು. ಎಲ್ಲವನ್ನೂ ಕೇಳುತ್ತೇನೆಂದು ಹೊರಟವರಿಗೆ ಯಾವುದೂ ನೆನಪಿನಲ್ಲಿ ಉಳಿಯುವುದಿಲ್ಲ. ಒಂದೇ ಸಂಸ್ಥೆಯಿಂದ ಇಬ್ಬರು ಹೋದರೆ ಬೇರೆ ಬೇರೆ ಗೋಷ್ಠಿಗಳನ್ನು ಹಂಚಿಕೊಳ್ಳುವುದು ಜಾಣತನ.

ಉಳಿದ ಅರ್ಧ ಹಿಂದಿರುಗಿದ ಬಳಿಕದ್ದು. ವಾರದೊಳಗೆ ಒಂದೆರಡು ಪುಟದ ವರದಿ ಸಲ್ಲಿಸಿ, ತಿಂಗಳೊಳಗೆ ಮಾಡಬಹುದಾದ ಒಂದು ಬದಲಾವಣೆಯನ್ನು ಆಯ್ದುಕೊಂಡರೆ ಮುಂದಿನ ಸಲ ಅನುಮತಿ ಕೇಳುವುದು ಸುಲಭ. ಇಲ್ಲಿ ಹೊಣೆ ಗ್ರಂಥಪಾಲಕರದ್ದು ಮಾತ್ರವಲ್ಲ. ಹೊಸದನ್ನು ಕಲಿತು ಬಂದವರಿಗೆ 'ಇದ್ದ ಹಾಗೆ ನಡೆಸಿಕೊಂಡು ಹೋಗಿ' ಎಂದು ಹೇಳುವ ಸಂಸ್ಥೆ ತಾನು ಖರ್ಚು ಮಾಡಿದ ಹಣವನ್ನು ತಾನೇ ನೀರಿಗೆ ಹಾಕಿದಂತೆ.

ಹೋಗಲಾಗದವರ ಪಾಲು

ಈ ಎಲ್ಲ ಲಾಭಗಳ ಮಾತಿನ ನಡುವೆ ಒಂದು ದೊಡ್ಡ ಅಂತರವಿದೆ. ಸಮ್ಮೇಳನಕ್ಕೆ ಹೋಗುವ ಅವಕಾಶ ಹೆಚ್ಚಾಗಿ ಸಿಗುವುದು ವಿಶ್ವವಿದ್ಯಾಲಯಗಳ, ಸಂಶೋಧನಾ ಸಂಸ್ಥೆಗಳ, ಅನುದಾನವಿರುವ ಕಾಲೇಜುಗಳ ಗ್ರಂಥಪಾಲಕರಿಗೆ. ಅದರ ಅಗತ್ಯ ಹೆಚ್ಚಾಗಿ ಇರುವುದು ಮಾತ್ರ ಒಂಟಿಯಾಗಿ ದುಡಿಯುವವರಿಗೆ.

ರಾಜ್ಯದಲ್ಲಿ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ. 2019ರಲ್ಲಿ ಇವು ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗವಾದವು. 2020ರ ನವೆಂಬರಿನಲ್ಲಿ ಶಾಲೆಗಳು ಮುಚ್ಚಿದ್ದ ಕಾಲದಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮ ಮಕ್ಕಳಿಗೆ ಉಚಿತ ಸದಸ್ಯತ್ವ ನೀಡಿ ಇವುಗಳ ಬಾಗಿಲಿಗೆ ಕರೆತಂದಿತು. ಈಗ 'ಅರಿವು ಕೇಂದ್ರ' ಎಂದು ಕರೆಯಲಾಗುವ ಈ ಗ್ರಂಥಾಲಯಗಳ ಮೇಲ್ವಿಚಾರಕರು ಕಥೆ ಓದಿಸುವುದರಿಂದ ಕಂಪ್ಯೂಟರ್ ತೋರಿಸಿಕೊಡುವವರೆಗೆ ಎಲ್ಲವನ್ನೂ ಒಬ್ಬರೇ ಮಾಡಬೇಕು. ಪಕ್ಕದ ಪಂಚಾಯಿತಿಯ ಮೇಲ್ವಿಚಾರಕರು ಬೇಸಿಗೆಯಲ್ಲಿ ಮಕ್ಕಳನ್ನು ಹೇಗೆ ಸೆಳೆದರು ಎಂಬುದು ಇವರಿಗೆ ತಿಳಿಯುವ ದಾರಿಗಳು ಕಡಿಮೆ.

ಇವರಿಗೆ ಬೇಕಾದುದು ದೂರದ ನಗರದ ಮೂರು ದಿನದ ಅಂತರರಾಷ್ಟ್ರೀಯ ಸಮ್ಮೇಳನವಲ್ಲ. ತಾಲ್ಲೂಕು ಕೇಂದ್ರದಲ್ಲಿ ಮೂರು ತಿಂಗಳಿಗೊಮ್ಮೆ ಒಂದು ದಿನ, ಭಾಷಣ ಕಡಿಮೆ ಇರುವ, ತಂತಮ್ಮ ಅನುಭವ ಹೇಳಿಕೊಳ್ಳುವ ಸಭೆ ಸಾಕು. ಅದಕ್ಕೆ ಬಸ್ಸಿನ ಖರ್ಚು ಮತ್ತು ಮಧ್ಯಾಹ್ನದ ಊಟದಷ್ಟೇ ಹಣ ಬೇಕು. ವಿಚಾರ ಸಂಕಿರಣ ಮತ್ತು ಕಾರ್ಯಾಗಾರಗಳಿಗೆ ನೆರವು ನೀಡುವ ಯೋಜನೆ ಕೋಲ್ಕತ್ತದ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನದಲ್ಲಿದೆ. ನಗರದ ಸಮ್ಮೇಳನಗಳ ಸಂಘಟಕರು ಕನ್ನಡದಲ್ಲಿ ಒಂದೆರಡು ಗೋಷ್ಠಿಗಳನ್ನು ಏರ್ಪಡಿಸಿ, ಗ್ರಾಮೀಣ ಗ್ರಂಥಾಲಯಗಳವರಿಗೆ ಶುಲ್ಕದಲ್ಲಿ ವಿನಾಯಿತಿ ನೀಡಿದರೆ ಈ ಅಂತರ ಇನ್ನಷ್ಟು ಕಡಿಮೆಯಾಗುತ್ತದೆ.

ಗ್ರಂಥಪಾಲಕರಿಲ್ಲದ ಎರಡು ದಿನ ಓದುಗನಿಗೆ ತೊಂದರೆಯಾಗುವುದು ನಿಜ. ಆದರೆ ಹತ್ತು ವರ್ಷ ಹೊರಗಿನ ಗಾಳಿ ಸೋಕದ ಗ್ರಂಥಾಲಯದಲ್ಲಿ ಬಾಗಿಲು ಪ್ರತಿದಿನ ತೆರೆದಿದ್ದರೂ, ಕೇಳಿದ ಪುಸ್ತಕ ಸಿಗದೆ, ಇರುವ ಸೌಲಭ್ಯ ತಿಳಿಯದೆ ಓದುಗ ಬರಿಗೈಯಲ್ಲಿ ಹಿಂದಿರುಗುತ್ತಾನೆ. ಪ್ರಾಂಶುಪಾಲರು, ಆಡಳಿತ ಮಂಡಳಿಗಳು ಹಾಗೂ ಇಲಾಖೆಯ ಅಧಿಕಾರಿಗಳು ಅನುಮತಿ ಪತ್ರಕ್ಕೆ ಸಹಿ ಹಾಕುವಾಗ ಈ ಎರಡು ನಷ್ಟಗಳಲ್ಲಿ ಯಾವುದು ದೊಡ್ಡದೆಂದು ಒಮ್ಮೆ ತೂಗಿ ನೋಡುವುದು ಲೇಸು.